ಹೀ ಗೋ, ಶೀ ಗೋ

ದಧಿರಾಮ ಭುಸಾಲ್ ಸರ್ ಹದಿನೆಂಟು ವರ್ಷ ನಮ್ಮ ಶಾಲೆಯಲ್ಲಿ ನೇಪಾಳಿ ವ್ಯಾಕರಣ ಕಲಿಸಿದವರು. ಅದರಲ್ಲಿ ಅವರನ್ನು ಮೀರಿಸುವವರು ಇಡೀ ಪಾಲ್ಪಾ ಜಿಲ್ಲೆಯಲ್ಲಿ ಇರಲಿಲ್ಲ. ಮಕ್ಕಳೆಲ್ಲ ಕೆಳಗಿನ ಪೇಟೆಯ ಇಂಗ್ಲಿಷ್ ಬೋರ್ಡಿಂಗ್ ಶಾಲೆಗೆ ಹೋಗತೊಡಗಿದಾಗ ಆಡಳಿತ ಸಮಿತಿ ಒಂದೇ ಸಭೆಯಲ್ಲಿ ನಮ್ಮದನ್ನೂ ಇಂಗ್ಲಿಷ್ ಮಾಧ್ಯಮ ಮಾಡಿತು. ಇಂಗ್ಲಿಷ್ ಪಾಠ ಸರ್ ಹೆಗಲಿಗೆ ಬಿತ್ತು.

ಆರನೇ ತರಗತಿಯ ಕರಿಹಲಗೆಯ ಮೇಲೆ ಅವರು ‘ಹೋಗು’ ಕ್ರಿಯಾಪದದ ವರ್ತಮಾನಕಾಲ ಬರೆದರು. ‘ಐ ಗೋ, ಯೂ ಗೋ, ಹೀ ಗೋ, ಶೀ ಗೋ.’ ನಾವು ಕೂಗಿ ಒಪ್ಪಿಸಿದೆವು.

ನನ್ನ ಪಕ್ಕದ ಮನ್‌ಮಾಯಾ ಎದ್ದು ನಿಂತಳು. ಬ್ರಿಟಿಷರ ಗೂರ್ಖಾ ಪಡೆಯಲ್ಲಿದ್ದು ಹಾಂಗ್‌ಕಾಂಗ್ ಕಂಡು ಬಂದ ಅವಳಜ್ಜ ಮನೆಯಲ್ಲಿ ಅವಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ.

“ಸರ್, ಹೀ ಬಂದ್ರೆ ಗೋ ಅಲ್ಲ, ಗೋಸ್ ಆಗ್ಬೇಕು.”

ತರಗತಿ ಕಿಸಕ್ಕೆಂದಿತು. ಸರ್ ಮುಖ ಕಪ್ಪಿಟ್ಟಿತು. “ನಿಮ್ಮಜ್ಜ ಬಂದೂಕು ಹೊತ್ತವನೋ, ವ್ಯಾಕರಣ ಓದಿದವನೋ?”

“ಸಾಹೇಬ್ರ ಜೊತೆ ಮಾತಾಡ್ತಿದ್ರು, ಸರ್.”

“ಎದುರು ಮಾತು ಬೇರೆ! ಚಾಚು ಕೈ.”

ಬೆತ್ತ ಆರು ಸಲ ಬಿತ್ತು. ಮುಂದೆ ವಾರವಿಡೀ ಬೆಳಗಿನ ಪ್ರಾರ್ಥನೆಯ ಬಳಿಕ ಅವಳನ್ನು ಎಲ್ಲರೆದುರು ನಿಲ್ಲಿಸಿ ‘ಹೀ ಗೋ, ಶೀ ಗೋ’ ಎಂದು ಐವತ್ತು ಸಲ ಹೇಳಿಸಿದರು. ಊದಿದ ಬೆರಳಲ್ಲಿ ಅವಳಿಗೆ ಹುರಿದ ಮೆಕ್ಕೆಜೋಳ ಹಿಡಿಯಲಾಗುತ್ತಿರಲಿಲ್ಲ; ನಾನೇ ತಿನ್ನಿಸುತ್ತಿದ್ದೆ.

“ಯಾರಿಗೂ ಹೇಳ್ಬೇಡ ಕಣೇ, ನಿಜ ಗೋಸ್‌ನೇ” ಎಂದು ಅವಳು ‘ಈಸ್ ಗೋಯಿಂಗ್’, ‘ಹ್ಯಾಸ್ ಗಾನ್’ ಎಲ್ಲವನ್ನೂ ನನಗೆ ಕಲಿಸಿದಳು.

ತಿಂಗಳಾದ ಮೇಲೆ ಜಿಲ್ಲೆಯಿಂದ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ನೇರ ಮನ್‌ಮಾಯಾಳ ಮುಂದೆ ನಿಂತು, “ಗೋ, ವರ್ತಮಾನಕಾಲ. ಹೇಳು ಮಗೂ” ಎಂದರು.

ಅವಳು ಸರ್ ಕಡೆ ನೋಡಿದಳು. “ಐ ಗೋ, ಯೂ ಗೋ, ಹೀ ಗೋ, ಶೀ ಗೋ.”

ಅಧಿಕಾರಿ ನಕ್ಕುಬಿಟ್ಟರು. “ಇದೇನ್ರೀ ನಿಮ್ಮ ಇಂಗ್ಲಿಷ್ ಮಾಧ್ಯಮ?”

“ಏನ್ ಮಾಡ್ಲಿ ಸಾರ್, ಗೋಸ್ ಗೋಸ್ ಅಂತ ಬಡ್ಕೊಂಡ್ರೂ ಈ ಹುಡುಗಿ ತಲೆಗೆ ಹತ್ತಲ್ಲ” ಎಂದರು ಸರ್.

ಅಂದರೆ ಅವರಿಗೆ ಗೊತ್ತಿತ್ತು. ಯಾವಾಗಲೋ ಪುಸ್ತಕ ತೆರೆದು ನೋಡಿಕೊಂಡಿದ್ದರು. ನಮಗೆ ಮಾತ್ರ ತಿದ್ದಿ ಹೇಳಿರಲಿಲ್ಲ.

ಅಧಿಕಾರಿಯ ಬೆರಳು ನನ್ನತ್ತ ತಿರುಗಿತು. ನಾನು ಎದ್ದು ಎಲ್ಲವನ್ನೂ ತಡವರಿಸದೆ ಹೇಳಿದೆ. ಅವರು ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. “ಸುಭದ್ರಾ ಕಿವಿಗೊಟ್ಟು ಕೇಳ್ತಾಳೆ ಸಾರ್” ಎಂದು ಸರ್ ನನ್ನ ತಲೆ ಸವರಿದರು. ಕಲಿಸಿದವಳು ಇವಳು ಎನ್ನಲು ನನಗೆ ಬಾಯಿ ಬರಲಿಲ್ಲ.

ಸಂಜೆ ಏರುದಾರಿಯಲ್ಲಿ ಮನ್‌ಮಾಯಾ, “ಚೆನ್ನಾಗ್ ಹೇಳ್ದೆ” ಎಂದಳು. ಬೈದಿದ್ದರೆ ಹಗುರವಾಗುತ್ತಿತ್ತು.

“ನೀನ್ಯಾಕೆ ತಪ್ಪು ಹೇಳ್ದೆ?”

“ಸರಿ ಹೇಳಿ ಏಟು ತಿಂದಿದ್ದು ಮರ್ತೋಯ್ತಾ ನಿಂಗೆ?”

ಆ ವರ್ಷ ಇಂಗ್ಲಿಷಿನಲ್ಲಿ ಅವಳನ್ನು ಫೇಲ್ ಮಾಡಿದರು. ಅಜ್ಜ ಎದೆಗೆ ಪದಕ ಚುಚ್ಚಿಕೊಂಡು, ಮೊಮ್ಮಗಳ ಕೈ ಹಿಡಿದು ಹೆಡ್‌ಮಾಸ್ತರರ ಕೋಣೆಯ ಮುಂದೆ ಅರ್ಧ ದಿನ ನಿಂತ. ಯಾರೂ ಒಳಗೆ ಕರೆಯಲಿಲ್ಲ. ಇಬ್ಬರೂ ಗುಡ್ಡ ಹತ್ತಿ ಹೋಗುವುದನ್ನು ನಾನು ಏಳನೇ ತರಗತಿಯ ಕಿಟಕಿಯಿಂದ ನೋಡಿದೆ. ಓಡಿಹೋಗಿ ಮಾತಾಡಿಸಲಿಲ್ಲ. ಅವಳು ಮತ್ತೆ ಶಾಲೆಗೆ ಬರಲಿಲ್ಲ.