ತೊದಲರವಳು

"ಏ ಮೂಗಿ, ಬಾಯಿ ಇಲ್ಲ ಅಂದ್ರೆ ಕಣ್ಣೂ ಇಲ್ವೇನೇ ಮುಂಡೆ? ರಕ್ತ ಹತ್ತಿದ ಚಾದರಾನ ಬಿಳೀದ್ರ ಜೊತೆ ಯಾಕೆ ಹಾಕ್ದೆ? ನಿಮ್ಮಪ್ಪನ ಮನೆ ಗಂಟಾ ಇದು?"

ಮೇಸ್ತ್ರಿ ಒದ್ದೆ ಚಾದರವನ್ನು ಅವಳ ಮುಖಕ್ಕೇ ಎಸೆದ. ಅದು ಕೆನ್ನೆಗೆ ಬಡಿದು ಕುತ್ತಿಗೆಗೆ ಸುತ್ತಿಕೊಂಡಿತು. ಅವಳು ಬಿಡಿಸಿಕೊಂಡು, ಕಲೆಯಿದ್ದ ಕಡೆಯನ್ನು ಕಲ್ಲಿಗೆ ಉಜ್ಜತೊಡಗಿದಳು. ಹಾಕಿದ್ದು ಅವಳಲ್ಲ, ಪಕ್ಕದಲ್ಲಿ ನಡುಗುತ್ತ ನಿಂತಿದ್ದ ಹೊಸಬಳು. ಆದರೆ ಮೂಗಿಯ ಮೇಲೆ ಹೊರಿಸಿದ ತಪ್ಪು ಮರಳಿ ಬರುವುದಿಲ್ಲ ಎಂಬುದು ಆ ಲಾಂಡ್ರಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿ ಅದು. ಹಿಂದಿನ ಕೋಣೆಯಲ್ಲಿ ಒಗೆತ, ಮುಂದಿನ ಕೋಣೆಯಲ್ಲಿ ಇಸ್ತ್ರಿ. ಒಗೆಯುವಲ್ಲಿ ಹಬೆ, ಸೋಪಿನ ನೊರೆ, ಯಾರದೋ ಕೀವಿನ ವಾಸನೆ. ಗೋಡೆಯ ಬದಿಗೆ ಬಟ್ಟೆ ಒಗೆಯುವ ಯಂತ್ರದ ಎರಡು ಡ್ರಮ್ಮುಗಳು. ಒಂದೊಂದರೊಳಗೂ ಇಬ್ಬರು ಕೂತು ಊಟ ಮಾಡಬಹುದು, ಅಷ್ಟು ದೊಡ್ಡವು.

ಮೂಗಿ ಮೂಗಿಯಾಗಿರಲಿಲ್ಲ. ಇದು ಗೊತ್ತಿದ್ದದ್ದು ಇಸ್ತ್ರಿ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಅವಳ ಮಗಳಿಗೆ ಮಾತ್ರ.

ನದಿಯಾಚೆಯಿಂದ ಬಂದವರು ಅವರು. ಆಚೆಯವರ ನಾಲಿಗೆಗೆ 'ಳ' ಹೊರಳುವುದಿಲ್ಲ, 'ಲ' ಎಂದೇ ಬರುತ್ತದೆ. ಅದಕ್ಕೇ ಈ ಊರು ಅವರನ್ನು ತೊದಲರು ಎಂದು ಕರೆಯುತ್ತಿತ್ತು. ನಾಲಿಗೆ ಕುಲ ಹೇಳುತ್ತದೆ ಎಂದು ಗಾದೆ. ಅವಳ ಮಟ್ಟಿಗೆ ನಾಲಿಗೆ ಕೊಂದೂಬಿಟ್ಟಿತ್ತು. ಬಂದ ವರ್ಷವೇ, ತೊದಲರ ಮೇಲೆ ಗಲಾಟೆ ಎದ್ದ ದಿನಗಳಲ್ಲಿ, ಅವಳ ಗಂಡ ಬಸ್ಸಿನಲ್ಲಿ "ಇಲ್ಲೇ ಇಲಿಸಿ" ಎಂದಿದ್ದ. ಹಿಂದಿನ ಸೀಟಿನ ಹುಡುಗರು "ಇಲಿ, ಇಲಿ!" ಎಂದು ನಕ್ಕರಂತೆ. ಅವನ ಹಿಂದೆಯೇ ಇಳಿದರಂತೆ. ಸಂಜೆಗೆ ಅವನ ಚಪ್ಪಲಿಯನ್ನು ಯಾರೋ ತಂದುಕೊಟ್ಟರು, ಅವನನ್ನು ತರಲಿಲ್ಲ.

ಅಂದಿನಿಂದ ಅವಳು ಹೊರಗೆ ಬಾಯಿ ತೆರೆದಿದ್ದು ಉಣ್ಣುವುದಕ್ಕೆ, ಆಕಳಿಸುವುದಕ್ಕೆ ಅಷ್ಟೇ. ಮನೆಯೊಳಗೆ ಮಾತ್ರ ಮಗುವಿನ ಕಿವಿಯಲ್ಲಿ ತನ್ನ ಮಾತಿನ ಕಥೆ, ತನ್ನ ಮಾತಿನ ಮುದ್ದು. ಒಂದು ದಿನ ಮಗು ನಡುಬೀದಿಯಲ್ಲಿ ಅದೇ ಮಾತಿನಲ್ಲಿ "ಅವ್ವಾ, ನೀರು" ಎಂದಿತು. ಅವಳು ಅದರ ಬಾಯಿಗೆ ಛಟೀರೆಂದು ಹೊಡೆದಳು. ತುಟಿ ಒಡೆಯಿತು. ಆಮೇಲೆ ಆ ಮಾತು ಆ ಬಾಯಲ್ಲಿ ಬರಲಿಲ್ಲ. ಮಗಳು ಬೀದಿಯ ಮಾತನ್ನು ಬೀದಿಯವರಿಗಿಂತ ಚೆನ್ನಾಗಿ ಕಲಿತಳು. ದೊಡ್ಡವಳಾದ ಮೇಲೆ ಬಾಗಿಲು ಹಾಕಿಕೊಂಡು ತಾಯಿಗೇ ಪಾಠ ಹೇಳುತ್ತಿದ್ದಳು.

"ನಾಲಿಗೆ ಮಡಚು ಅವ್ವ. ಮೇಲಕ್ಕೆ. ಹಾಂ, ಈಗ ಹೇಳು, ಮಳೆ."

"ಮಲೆ."

"ಥೂ, ಸಾಕು ಬಿಡು. ಸುಮ್ನಿರೋದೇ ವಾಸಿ ನೀನು."

ಇಬ್ಬರೂ ನಗುತ್ತಿದ್ದರು. ಇತ್ತೀಚೆಗೆ ಮಗಳು ನಗುವುದನ್ನು ಬಿಟ್ಟಿದ್ದಳು. ಲಾಂಡ್ರಿಯ ವ್ಯಾನ್ ಓಡಿಸುವವನ ಜೊತೆ ಮದುವೆ ಗೊತ್ತಾಗಿತ್ತು. ಅವನ ತಾಯಿ ಬಂದು ನೋಡಿ, "ಬೀಗಿತ್ತಿ ಮೂಗಿಯಾದ್ರೇನಂತೆ, ನಮ್ಮ ಜನ ತಾನೆ? ಜಗಳ ಆಡೋಕೆ ಬರಲ್ಲ, ಅದೇ ಲಾಭ" ಎಂದು ತಾನೇ ನಕ್ಕು ಹೋಗಿದ್ದಳು.

ಹೊಸಬಳು ಬಂದು ಕೆಲವೇ ದಿನಗಳಾಗಿದ್ದವು. ಅವಳೂ ಆಚೆಯವಳೇ. ಲಾಂಡ್ರಿಯ ಧಣಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಅರ್ಧ ಕೂಲಿಗೆ ಇಟ್ಟುಕೊಂಡಿದ್ದ. ಈ ಊರಿನ ಮಾತು ಅವಳಿಗೆ ಒಂದಕ್ಷರ ಬಾರದು. ಮೇಸ್ತ್ರಿ ಕಲಿಸಿದ್ದು ಒಂದೇ ಪದ: "ಯಾರೇನು ಕೇಳಿದ್ರೂ 'ಆಯ್ತು' ಅನ್ನು. ತಿಳೀತಾ?" ಅವಳು "ಆಯ್ತು" ಎಂದಿದ್ದಳು. ಅದರಲ್ಲಿ 'ಳ' ಇರಲಿಲ್ಲ, ಅವಳ ಪುಣ್ಯ. ಮೂಗಿ ಅವಳತ್ತ ನೋಡದಂತೆ ಎಚ್ಚರ ವಹಿಸುತ್ತಿದ್ದಳು. ಹೊಸಬಳು ಬಟ್ಟೆ ಹಿಂಡುತ್ತ ತನ್ನಷ್ಟಕ್ಕೆ ಗೊಣಗುತ್ತಿದ್ದುದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. ಕೈ ಉರಿ ಎನ್ನುವಳು, ಮೇಸ್ತ್ರಿಗೆ ಕತ್ತೆಯ ಮೋರೆ ಎನ್ನುವಳು. ಮೂಗಿ ನಗು ಬಂದರೆ ತಲೆ ತಗ್ಗಿಸಿ ಬಟ್ಟೆಯಲ್ಲಿ ಮುಖ ಒರೆಸಿಕೊಳ್ಳುವಳು.

ಅವತ್ತು ಮಧ್ಯಾಹ್ನ ಡ್ರಮ್ಮಿನ ಒಳಗೆ ಬಟ್ಟೆಯ ಜುಂಗು ಕಟ್ಟಿಕೊಂಡಿತ್ತು. ಮೇಸ್ತ್ರಿ ಹೊಸಬಳಿಗೆ ಕೈಸನ್ನೆ ಮಾಡಿದ. ಅವಳು ಬಾಗಿಲಿನ ಬಾಯಲ್ಲಿ ತಲೆ ತೂರಿಸಿ ಒಳಗೆ ತೆವಳಿದಳು. ಹಿಮ್ಮಡಿಗಳು ಮಾಯವಾಗುವುದನ್ನು ಮೂಗಿ ಕೋಣೆಯ ಈಚೆ ತುದಿಯಿಂದ ಕಂಡಳು.

ಮೇಸ್ತ್ರಿ ಕಿವಿಗೆ ಫೋನು ಹಚ್ಚಿಕೊಂಡು ಅತ್ತ ಹೋಗಿ ಯಾರಿಗೋ ಬೈದು, ಬೈಯುತ್ತಲೇ ಮರಳಿ ಬಂದ. ಡ್ರಮ್ಮಿನ ಹಿಂದಿನ ಮೋರಿಯನ್ನೂ ಹೊಸಬಳಿಗೇ ಬಳಿಯಲು ಹೇಳಿದ್ದ, ಅಲ್ಲಿದ್ದಾಳೆ ಎಂದುಕೊಂಡನೇನೋ.

"ಆಯ್ತೇನೇ?" ಎಂದು ಕೂಗಿದ.

"ಆಯ್ತು" ಎಂದಿತು ದನಿ, ಹಬೆಯ ಗದ್ದಲದೊಳಗಿಂದ.

ಅವನು ಒಳಗೆ ನೋಡದೆ ಮೊಣಕಾಲಿನಿಂದ ಬಾಗಿಲು ನೂಕಿದ.

ಮೂಗಿ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಬಕೆಟ್ಟನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದಳು, ಮತ್ತೆ ಅಪ್ಪಳಿಸಿದಳು, ಕೈಯಿಂದ ಡ್ರಮ್ಮು ತೋರಿಸಿದಳು.

"ನಿಂದೇನೇ ಗೋಳು? ಉಚ್ಚೆ ಬಂದ್ರೆ ಹೋಗಿ ಹುಯ್ಕೊಂಡು ಬಾ" ಎಂದು ಮೇಸ್ತ್ರಿ ಗುಂಡಿ ಒತ್ತಿದ.

ಡ್ರಮ್ಮು ತಿರುಗಿತು. ಒಳಗೆ ಏನೋ ದೊಪ್ಪೆಂದು ಬಿತ್ತು.

"ನಿಲ್ಸಿ! ಒಲಗಿದ್ದಾಲೆ! ಅವಲು ಒಲಗಿದ್ದಾಲೆ!"

ಆ ಕೂಗು ಎಲ್ಲಿಂದ ಬಂತೆಂದು ಯಾರಿಗೂ ತಿಳಿಯಲಿಲ್ಲ. ಮೇಸ್ತ್ರಿ ದೆವ್ವ ಕಂಡವನಂತೆ ಬೆಚ್ಚಿ ಕೆಂಪು ಗುಂಡಿಗೆ ಕೈ ಹೊಡೆದ. ಮೂಗಿ ಬಟ್ಟೆಯ ರಾಶಿಗಳನ್ನು ತುಳಿದುಕೊಂಡು ಓಡಿ ಬಾಗಿಲು ಕಿತ್ತಳು. ಹೊಸಬಳ ತೊಡೆ ತಿರುಗಬಾರದ ಕಡೆಗೆ ತಿರುಗಿತ್ತು. ಕಿವಿಯ ಹಿಂದಿನಿಂದ ರಕ್ತ ಸುರಿಯುತ್ತಿತ್ತು. ಎಳೆದು ಹೊರಗೆ ಮಲಗಿಸಿ, ಮೂಗಿ ಅವಳ ತಲೆಯನ್ನು ಮಡಿಲಿಗೆ ಹಾಕಿಕೊಂಡಳು. "ಹೆದರಬೇಡ ತಂಗೀ, ನಾನಿದ್ದೇನೆ" ಎಂದಳು. ಆಚೆಯ ಮಾತಿನಲ್ಲಿ ಎಂದಿದ್ದಳು. ಅದು ತಾನಾಗಿ ಬಂದಿತ್ತು.

ಸುತ್ತ ನೆರೆದಿದ್ದ ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು. ಆಸ್ಪತ್ರೆಯ ಬಟ್ಟೆ ಒಗೆಯುವವರಿಗೆ ರಕ್ತ ಹೊಸದಲ್ಲ. ಅವರು ಸರಿದದ್ದು ಆ ಮಾತಿಗೆ.

ಧಣಿ ಬಂದ. ನೆಲದ ಮೇಲಿದ್ದವಳನ್ನು ದಾಟಿ ಮೂಗಿಯ ಎದುರು ನಿಂತ.

"ಇಷ್ಟು ವರ್ಷ ನನ್ನ ಅನ್ನ ತಿಂದು ನಂಗೇ ನಾಟ್ಕ ಆಡಿದ್ಯೇನೇ, ತೊದ್ಲ ಸೂಳೆ?"

"ಮೊದಲು ಇವಲನ್ನ ಆಸ್ಪತ್ರೆಗೆ ಕಲಿಸಿ, ಧಣಿ."

"ಆಸ್ಪತ್ರೇಲಿ ಯಾರಿವ್ಳು, ಎಲ್ಲಿಯವಳು, ಯಾರು ಕೆಲ್ಸಕ್ಕಿಟ್ರು ಅಂತ ಕೇಳ್ತಾರೆ. ನಿಮ್ಮಪ್ಪ ಬಂದು ಹೇಳ್ತಾನಾ?" ಮೇಸ್ತ್ರಿಯತ್ತ ತಿರುಗಿದ. "ಇಬ್ರನ್ನೂ ಹಿಂದ್ಲ ಬಾಗ್ಲಿಂದ ಆಚೆ ಹಾಕು. ಕೇಳಿದ್ರೆ ಮೆಟ್ಲಿಂದ ಬಿದ್ಲು ಅನ್ನು."

ಮೇಸ್ತ್ರಿಯ ಬುದ್ಧಿ ಬೇರೆಲ್ಲೋ ಓಡುತ್ತಿತ್ತು. ಗುಂಡಿ ಒತ್ತಿದ ಕೈಯನ್ನು ಅವನು ಯಾರಾದರೂ ನೋಡುವ ಮೊದಲೇ ಬಾಗಿಲ ಕಡೆ ಚಾಚಿದ. "ಧಣಿ, ಆ ಇಸ್ತ್ರಿ ಹುಡ್ಗಿ ಇವ್ಳ ಮಗಳೇ ಅಲ್ವಾ?"

ಗದ್ದಲ ಕೇಳಿ ಬಂದ ಮಗಳು ಬಾಗಿಲಲ್ಲಿ ನಿಂತಿದ್ದಳು. ಪಕ್ಕದಲ್ಲಿ ವ್ಯಾನಿನವನು. ಅವನು ಅವಳಿಂದ ತುಸು ದೂರ ಸರಿದದ್ದನ್ನು ತಾಯಿ ಕಂಡಳು.

"ಬಾರೇ ಇಲ್ಲಿ" ಎಂದ ಧಣಿ. "ಎಳೇ ಕೋಳಿ ಕಾಳು ನುಂಗ್ತು ಅನ್ನು."

"ಎಳೇ ಕೋಳಿ ಕಾಳು ನುಂಗ್ತು."

"ಇನ್ನೊಂದ್ಸಲ."

ಅಂದಳು. ಎಳ್ಳಷ್ಟೂ ತಪ್ಪಿರಲಿಲ್ಲ. ಹೆಂಗಸರಲ್ಲಿ ಯಾರೋ ನಿಟ್ಟುಸಿರು ಬಿಟ್ಟರು.

"ನಾಲಿಗೆ ನಮ್ದೇ. ಮತ್ತೆ ಇವ್ಳು ಯಾರು ನಿಂಗೆ?"

ಮಗಳು ತಾಯಿಯನ್ನು ನೋಡಲಿಲ್ಲ, ತಾಯಿಯ ಮಡಿಲಲ್ಲಿದ್ದ ತಲೆಯನ್ನು ನೋಡಿದಳು. 

"ಸಾಕಿದ್ದು" ಎಂದಳು. "ಹೆತ್ತೋರು... ಬೇರೆ ಅಂತೆ."

ಅವತ್ತು ಬೀದಿಯಲ್ಲಿ ಬಾಯಿಗೆ ಹೊಡೆದು ಕಲಿಸಿದ್ದ ಪಾಠ. ಮಗಳು ಒಪ್ಪಿಸುತ್ತಿದ್ದಳು. ತಾಯಿ ಸುಮ್ಮನಿದ್ದರೆ ಯಾರೂ ನಂಬುವುದಿಲ್ಲ. ಹಾಗಾಗಿ ತಾನೇ ಹೇಳಿದಳು, ಎಲ್ಲರಿಗೂ ಕೇಳುವಂತೆ, ಒಂದು 'ಲ'ವನ್ನೂ ಮುಚ್ಚಿಡದೆ.

"ಹೌದು. ಅವಲು ನನ್ನ ಮಗಲಲ್ಲ. ಗಲಾಟೇಲಿ ಸಿಕ್ಕಿದ್ಲು. ನಿಮ್ಮವಲೇ, ಇಟ್ಕೊಲ್ಲಿ."

ಯಾರೋ ಕಿಸಕ್ಕನೆ ನಕ್ಕರು. ಮಗಳು ನಗಲಿಲ್ಲ, ಅಳಲಿಲ್ಲ. ಇಸ್ತ್ರಿ ಸೀಯುತ್ತಿದೆ ಎಂದು ಯಾರೋ ಕೂಗಿದಾಗ ಒಳಗೆ ಹೋದಳು.

ಮೂಗಿ ಹೊಸಬಳನ್ನು ಎತ್ತಿ ಬಟ್ಟೆ ಸಾಗಿಸುವ ತಳ್ಳುಗಾಡಿಯಲ್ಲಿ ಮಲಗಿಸಿದಳು. ಮುರಿದ ಕಾಲಿನ ಎರಡೂ ಬದಿಗೆ ಚಾದರಗಳನ್ನು ಸುರುಳಿ ಸುತ್ತಿ ಇಟ್ಟಳು. ಮೇಸ್ತ್ರಿ ಹಿಂದಿನ ಬಾಗಿಲು ತೆರೆದು ಹಿಡಿದಿದ್ದ. ಅವಳು ಗಾಡಿಯನ್ನು ಮುಂದಕ್ಕೆ ತಿರುಗಿಸಿದಳು.

"ಏಯ್! ಆ ಕಡೆ ಎಲ್ಲಿಗೇ? ಹಿಡೀರೋ ಅವ್ಳನ್ನ!"

ಯಾರೂ ಹಿಡಿಯಲಿಲ್ಲ. ತೊದಲರವಳನ್ನು ಮುಟ್ಟಲು ಯಾರಿಗೂ ಮನಸ್ಸಿರಲಿಲ್ಲ. ಆ ಹೇಸಿಗೆಯೇ ಅವಳಿಗೆ ದಾರಿ ಬಿಡಿಸಿತು. ಇಸ್ತ್ರಿ ಮೇಜುಗಳ ನಡುವಿನಿಂದ, ಬಗ್ಗಿ ನಿಂತ ಮಗಳ ಬೆನ್ನ ಹಿಂದಿನಿಂದ, ಮುಂಬಾಗಿಲಿನಿಂದ ದೊಡ್ಡ ರಸ್ತೆಗೆ ಇಳಿದಳು.

ಬಿಸಿಲು ಚುರುಗುಟ್ಟುತ್ತಿತ್ತು. ಗಾಡಿ ಕುಲುಕಿದಾಗಲೆಲ್ಲ ಹೊಸಬಳು ನರಳುವಳು. ಮೂಗಿ ಮಾತಾಡುತ್ತಲೇ ಇದ್ದಳು, ಅವಳು ಕಣ್ಣು ಮುಚ್ಚದಿರಲೆಂದು. ಎಷ್ಟೋ ಪದಗಳು ಬರಲಿಲ್ಲ. ತೊಡೆಗೆ ಏನೆನ್ನುತ್ತಾರೆಂಬುದು ಮರೆತೇ ಹೋಗಿತ್ತು. ಅಂಗಡಿಯವರು ತಕ್ಕಡಿ ಹಿಡಿದು ನಿಂತಲ್ಲೇ ತಿರುಗಿ ನೋಡಿದರು. ಇಬ್ಬರು ಹುಡುಗರು ಹಿಂದೆ ಬೀಳತೊಡಗಿದರು.

"ಅಕ್ಕಾ" ಎಂದಳು ಹೊಸಬಳು ಆಚೆಯ ಮಾತಿನಲ್ಲೇ, ನೋವಿನ ನಡುವೆಯೇ ತುಟಿ ಸೊಟ್ಟ ಮಾಡಿ. "ನೀ ನಿಜವಾಗ್ಲೂ ನಮ್ಮವಳಾ? ನಮ್ಮ ಮಾತು ನಿನ್ನ ಬಾಯಲ್ಲಿ ಇವರ ಮಾತಿನ ಹಾಗೇ ಕೇಳಿಸ್ತದೆ. ತೊದಲ್ತೀಯ."

ಮೂಗಿ ಗಾಡಿಯನ್ನು ಇನ್ನೂ ಬಿರುಸಾಗಿ ನೂಕಿದಳು.

ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. "ತಳ್ಳುಗಾಡಿ ಹಿಂದ್ಗಡೆ ಗೇಟು." ಆಮೇಲೆ ಬಟ್ಟೆಯ ನಡುವಿನ ಮುಖ ಕಂಡ. "ಏನಿದು? ಯಾರು ನೀವು? ಯಾವ ಜನ?"

"ಮೊದಲು ಕಾಲು ನೋಡಿ. ಆಮೇಲೆ ಕುಲ ಕೇಲಿ."

"ಕೇಲಿ ಅಂತೆ, ಕೇಲಿ!" ಅವನು ಹಿಂದೆ ಬಂದ ಹುಡುಗರತ್ತ ನೋಡಿ ನಕ್ಕ. ಅವರೂ ನಕ್ಕರು. "ಚಾದರ ಇಲ್ಲೇ ಇಳ್ಸಿ ಹೋಗು. ಅವನ್ನ ಒಳಗೆ ಕಳಿಸ್ತೀನಿ. ನಿಮ್ಮನ್ನಲ್ಲ."

ಅವಳು ಗಾಡಿಯನ್ನು ಗೇಟಿನ ಬಾಯಿಗೆ ಅಡ್ಡಲಾಗಿ ತಿರುಗಿಸಿದಳು. ಚಕ್ರದಡಿಗೆ ಕಲ್ಲು ಕೊಟ್ಟಳು. ಅದರ ಮುಂದೆ ನೆಲದ ಮೇಲೆ ಕಾಲು ಚಾಚಿ ಕೂತಳು.

"ಎದ್ದೇಳೇ, ಗಾಡಿಗಳು ಬರ್ತವೆ!"

"ಬರ್ಲಿ. ಇವಲನ್ನ ಒಲಗೆ ಬಿಡೋವರೆಗೂ ಏಲಲ್ಲ."

ಗಾಡಿಗಳು ಬಂದವು. ಒಂದು ಕಾರು, ಅದರ ಹಿಂದೆ ಇನ್ನೊಂದು. ಕಾವಲುಗಾರ ಅವಳ ರಟ್ಟೆ ಹಿಡಿದು ಎಳೆದ. ಅವಳು ಗಾಡಿಯ ಕಬ್ಬಿಣವನ್ನು ತಬ್ಬಿಕೊಂಡಳು. ಹುಡುಗರಲ್ಲೊಬ್ಬ ಕಲ್ಲು ಆರಿಸಿಕೊಂಡ. ಅವಳು ಕೂಗತೊಡಗಿದಳು. ಒಂದು ಸಲ ಈ ಮಾತಿನಲ್ಲಿ, ಒಂದು ಸಲ ಆ ಮಾತಿನಲ್ಲಿ, ಎರಡನ್ನೂ ತಪ್ಪು ತಪ್ಪಾಗಿ, ಇಷ್ಟು ವರ್ಷ ಕೂಡಿಟ್ಟ ದನಿಯಲ್ಲಿ. ಮೇಲಿನ ಕಿಟಕಿಗಳಲ್ಲಿ ರೋಗಿಗಳ ತಲೆಗಳು ಕಾಣಿಸಿಕೊಂಡವು.

ಸಾಲಿನ ಕೊನೆಗೆ ಲಾಂಡ್ರಿಯ ವ್ಯಾನು ಬಂದು ನಿಂತಿತು. ಮುಂದಿನ ಸೀಟಿನಲ್ಲಿ ಮಡಚಿದ ಚಾದರಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಮಗಳು ಕೂತಿದ್ದಳು. ವ್ಯಾನಿನವನು ಹಾರ್ನು ಒತ್ತಿದ. ಒತ್ತಿದ ಕೈ ತೆಗೆಯಲಿಲ್ಲ. ಗಾಜಿನ ಹಿಂದೆ ಮಗಳ ತುಟಿಗಳು ಅಲುಗುತ್ತಿದ್ದವು. ಏನೆಂದು ಕೇಳಿಸಲಿಲ್ಲ. ಯಾವ ಮಾತಿನಲ್ಲಿ ಎಂಬುದೂ ತಿಳಿಯಲಿಲ್ಲ. ಬಾಗಿಲು ಮಾತ್ರ ತೆರೆಯಲಿಲ್ಲ.

ಗಾಡಿಯಿಂದ ಇಳಿಬಿದ್ದಿದ್ದ ಹೊಸಬಳ ಕೈ ತಣ್ಣಗಾಗುತ್ತಿತ್ತು. ಮೂಗಿ ಅದನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು, ಇನ್ನೂ ಜೋರಾಗಿ ಕೂಗಿದಳು.