ಕುರ್ಚಿಯ ಮಾನ

ಮೇಸ್ತ್ರಿಯ ಕುರ್ಚಿ ಅಂಗಡಿಯಲ್ಲಿ ಗಿರಾಕಿ ಮೊದಲು ಕೂರುವಂತಿರಲಿಲ್ಲ. ಹೊಸ ಕುರ್ಚಿಯಲ್ಲಿ ಮೊದಲು ಕೂರುವವನು ಮೇಸ್ತ್ರಿ. ಗಿರಾಕಿ ಎದುರಿಗೆ ನಿಂತು ನೋಡಬೇಕು. ಅಂಗಡಿ ತೆರೆದಾಗಿನಿಂದ ಇದೇ ಪದ್ಧತಿ. ಅವನು ಬೆನ್ನು ಒರಗಿಸಿ, ಕಾಲು ಚಾಚಿ, ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟನೆಂದರೆ ವ್ಯಾಪಾರ ಕುದುರಿತೆಂದೇ ಲೆಕ್ಕ. ಮುಖದಲ್ಲಿ ಅಂಥ ಸುಖ ಕಾಣುತ್ತಿತ್ತು.

ಆ ಸುಖಕ್ಕೇ ಈಗ ಸಂಚಕಾರ ಬಂದಿತ್ತು. ಕೂತರೆ ಸಾಕು, ಸೂಜಿ ಚುಚ್ಚಿದ ಹಾಗೆ. ಬೇರೆಯವರಾಗಿದ್ದರೆ ತಮ್ಮ ಮೈಯನ್ನು ಅನುಮಾನಿಸುತ್ತಿದ್ದರು. ಕುರ್ಚಿ ಮಾಡುವವನಲ್ಲವೇ, ಇವನು ಕುರ್ಚಿಯನ್ನು ಅನುಮಾನಿಸಿದ. ತಾನು ಕೆಲಸಕ್ಕೆ ಕೂರುವ ಪೀಠದ ಬಟ್ಟೆ ಕಿತ್ತ, ಹತ್ತಿ ಕೆದರಿದ, ಸ್ಪ್ರಿಂಗ್ ಬದಲಾಯಿಸಿದ, ಎಲ್ಲೋ ಮೊಳೆ ಉಳಿದಿರಬೇಕೆಂದು ಟಾರ್ಚ್ ಹಾಕಿ ತಡಕಾಡಿದ. ಏನೂ ಸಿಗಲಿಲ್ಲ. ಒಂದು ಬೆಳಿಗ್ಗೆ ಶೌಚಾಲಯದಲ್ಲಿ ರಕ್ತ ಕಂಡಾಗ ಹೆದರಿ, ಯಾರಿಗೂ ಹೇಳದೆ ಟಾರ್ಚ್ ಎತ್ತಿಟ್ಟು ಕುರ್ಚಿಯಲ್ಲಿ ಕೂರುವುದನ್ನೇ ಬಿಟ್ಟ.

ಊಟವನ್ನೂ ನಿಂತೇ ಮಾಡತೊಡಗಿದ ಗಂಡನನ್ನು ಹೆಂಡತಿ ಎಷ್ಟು ದಿನ ಸುಮ್ಮನೆ ನೋಡಿಯಾಳು?

"ಏನಾಗಿದೆ ಅಂತ ಹೇಳ್ತೀರೋ ಇಲ್ವೋ?"

"ಏನಿಲ್ಲ ಕಣೆ. ನಿಂತು ತಿಂದ್ರೆ ಚೆನ್ನಾಗಿ ಇಳಿಯುತ್ತೆ."

"ಇಳಿಯೋದು ಸರಿ. ಮುಂದಿನ ಕಥೆ ಹೇಳಿ."

ಹೇಳಿದ. ನಗುತ್ತಾಳೆಂದುಕೊಂಡಿದ್ದ, ಅವಳು ನಗದೆ ಚಪ್ಪಲಿ ಮೆಟ್ಟಿಕೊಂಡು ಅವನನ್ನು ಎಳೆದುಕೊಂಡೇ ಹೊರಟಳು.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಮೂಲವ್ಯಾಧಿ, ಹೆದರುವಂಥದ್ದಲ್ಲ ಎಂದರು. ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು.

"ನೀರು ಎಷ್ಟು ಕುಡೀತೀರಿ?"

"ಕೆಲಸದ ಮಧ್ಯೆ ಎದ್ದು ಹೋಗ್ಬೇಕಾಗುತ್ತೆ ಅಂತ ಕುಡಿಯಲ್ಲ."

"ಸೊಪ್ಪು, ತರಕಾರಿ, ಹಣ್ಣು?"

ಹೆಂಡತಿ ನಡುವೆ ಬಾಯಿ ಹಾಕಿದಳು. "ಎಲ್ಲಾ ತಟ್ಟೆ ಅಂಚಿಗೆ ಸರಿಸ್ತಾರೆ. ಶೌಚಕ್ಕೆ ಹೋದ್ರೆ ಫೋನ್ ಹಿಡ್ಕೊಂಡು ತಪಸ್ಸಿಗೇ ಕೂತುಬಿಡ್ತಾರೆ."

"ಮೊದಲು ಆ ತಪಸ್ಸು ಬಿಡಿ," ಎಂದು ಡಾಕ್ಟರಮ್ಮ ನಕ್ಕರು. "ಬಂದಾಗ ತಡೀಬೇಡಿ, ಬರದಿದ್ದಾಗ ತಿಣುಕಬೇಡಿ. ನೀರು ಕುಡಿಯೋಕೆ ಜಿಪುಣತನ ಮಾಡ್ಬೇಡಿ. ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕ್ಕೊಂಡು ಸ್ವಲ್ಪ ಹೊತ್ತು ಕೂತ್ಕೊಳ್ಳಿ, ಮುಲಾಮು ಹಚ್ಚಿ, ಕೆಲಸದ ನಡುವೆ ಎದ್ದು ಓಡಾಡಿ. ಮತ್ತೆ ರಕ್ತ ಕಂಡ್ರೆ ಮುಚ್ಚಿಡದೆ ಬನ್ನಿ."

ರಕ್ತ ನಿಂತಿತು, ನೋವೂ ಇಳಿಯುತ್ತ ಬಂತು. ಪೂರ್ತಿ ಹೋಗುವ ಮೊದಲೇ ಊರ ಗ್ರಂಥಾಲಯದ ಗ್ರಂಥಪಾಲಕಿ ಅಂಗಡಿಗೆ ಬಂದರು. ಓದುವ ಕೋಣೆಗೆಲ್ಲ ಹೊಸ ಕುರ್ಚಿ ಬೇಕಿತ್ತು. ವರ್ಷವಿಡೀ ಅಂಗಡಿ ನಡೆಯುವಷ್ಟು ಕೆಲಸ. ತುಂಬಾ ಕಟ್ಟುನಿಟ್ಟಿನ ಹೆಂಗಸು, ನಗುವುದೂ ದುಂದುವೆಚ್ಚ ಎಂದುಕೊಂಡವರು. ಮಾದರಿ ಕುರ್ಚಿಯೆದುರು ಕೈಕಟ್ಟಿ ನಿಂತರು.

"ಕೂತು ತೋರಿಸ್ತೀರಂತಲ್ಲ. ಕೂರಿ."

ಮೇಸ್ತ್ರಿ ಮೆಲ್ಲಗೆ ಕೂತ. ಬೆನ್ನು ಒರಗಿಸಿದ, ಕಣ್ಣು ಮುಚ್ಚಿದ. ಬಾಯಿಂದ "ಅಯ್ಯಪ್ಪಾ!" ಎಂಬ ಚೀತ್ಕಾರ ಬಂತು.

"ಮಾಡಿದವರಿಗೇ ಹೀಗಾದ್ರೆ ಓದೋರ ಗತಿ ಏನು? ಈ ಕುರ್ಚಿ ಬೇಡ ಬಿಡಿ," ಎಂದು ಅವರು ಬಾಗಿಲ ಕಡೆ ತಿರುಗಿದರು.

ಮೇಸ್ತ್ರಿಗೆ ಮೈ ಉರಿದುಹೋಯಿತು. ಕೆಲಸ ಕೈತಪ್ಪಿದರೆ ಹಾಳಾಗಲಿ ಎನ್ನಬಹುದಿತ್ತು. ಕೈಯಾರೆ ಕೆತ್ತಿ, ಉಜ್ಜಿ, ಮಗುವಿನ ಹಾಗೆ ಸಾಕಿದ ಕುರ್ಚಿಗೆ ಕೆಟ್ಟ ಹೆಸರು ಬರುವುದನ್ನು ಮಾತ್ರ ಅವನು ಸಹಿಸಲಾರ. ನಾಚಿಕೆಯನ್ನು ಗಾಳಿಗೆ ತೂರಿ ಕೂಗಿದ:

"ಅಮ್ಮಾ, ಕುರ್ಚಿಯದೇನೂ ತಪ್ಪಿಲ್ಲ! ನನಗೆ ಮೂಲವ್ಯಾಧಿ!"

ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು ಮೇಸ್ತ್ರಿಗೆ. ಗ್ರಂಥಪಾಲಕಿ ಬಾಗಿಲ ತನಕ ಹೋದವರು ಅದನ್ನು ಮುಚ್ಚಿ ಚಿಲಕ ಹಾಕಿ ಹಿಂದಿರುಗಿದರು.

"ಯಾವ ಡಾಕ್ಟರಿಗೆ ತೋರಿಸಿದ್ರಿ?" ಎಂದರು ಪಿಸುದನಿಯಲ್ಲಿ. "ನನಗೂ ತುಂಬಾ ದಿನದಿಂದ... ಯಾರನ್ನ ಕೇಳೋದು ಹೇಳಿ."

ಮೇಸ್ತ್ರಿ ಎದ್ದು ನಿಂತು ನೀರು, ಸೊಪ್ಪು, ಟಬ್ಬು, ತಪಸ್ಸು ಒಂದನ್ನೂ ಬಿಡದೆ ಹೇಳಿದ. ಕೇಳುತ್ತ ಕೇಳುತ್ತ ಆಕೆ ತಮಗೇ ಗೊತ್ತಿಲ್ಲದೆ ಆ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು. ಮಾತು ಮುಗಿದರೂ ಏಳುವ ಆತುರ ಕಾಣಲಿಲ್ಲ.

"ಕುರ್ಚಿ ಎಲ್ಲಾ ನೀವೇ ಮಾಡಿ," ಎಂದರು ಕೊನೆಗೆ. "ಇದನ್ನ ಮಾತ್ರ ಇವತ್ತೇ ನನ್ನ ಮೇಜಿಗೆ ಕಳಿಸಿಬಿಡಿ."