ಆಚೆ ದೇಶದ ಅಳಿಯ

ನಾಯಿಗೆ ಅಳಿಯ ಎಂದು ಹೆಸರಿಟ್ಟವಳು ಅತ್ತೆ. ಮೆಚ್ಚಿ ಇಟ್ಟ ಹೆಸರಲ್ಲ, ಸಿಟ್ಟಿನಲ್ಲಿ ಇಟ್ಟದ್ದು. ಹೊಳೆಯಾಚೆಯ ದೊಡ್ಡ ದೇಶದಿಂದ ಬಂದವನು, ಬಂದ ದಿನವೇ ಮನೆಯ ತಂಪು ಮೂಲೆ ಹಿಡಿದು ಮಲಗಿದವನು, ಹೊತ್ತು ಹೊತ್ತಿಗೆ ಸರ್ಕಾರದ ಖರ್ಚಿನಲ್ಲಿ ಮಾಂಸ ಮೊಟ್ಟೆ ತಿನ್ನುವವನು. ಹೆಣ್ಣನ್ನೇ ಹೆರದ ನನಗೆ ಈ ವಯಸ್ಸಿನಲ್ಲಿ ಅಳಿಯ ಬಂದ ನೋಡಿ ಎಂದು ಅವಳು ಬೀದಿಗೆಲ್ಲ ಕೇಳುವಂತೆ ಗೊಣಗಿದ್ದಳು. ಸಿಟ್ಟಿಗೆ ಕಾರಣವೂ ಇತ್ತು. ಹಿಂದಿನ ಯುದ್ಧದಲ್ಲಿ ಹೊಳೆಯ ಎರಡೂ ಕಡೆಯ ಸೈನ್ಯಗಳು ಗಡಿಯ ಗುಡ್ಡದ ತುಂಬ ನೆಲಬಾಂಬು ಹೂತಿಟ್ಟು, ಕೊನೆಗೊಂದು ದಿನ ಕೈಕುಲುಕಿ ತಮ್ಮ ತಮ್ಮ ಮನೆಗೆ ಹೋಗಿದ್ದವು. ಯುದ್ಧ ಮುಗಿದ ಸುದ್ದಿಯನ್ನು ಬಾಂಬುಗಳಿಗೆ ಯಾರೂ ಹೇಳಲಿಲ್ಲ. ಸೌದೆಗೆ ಹೋದ ಅತ್ತೆಯ ಬಲಪಾದವನ್ನು ಅವುಗಳಲ್ಲೊಂದು ನುಂಗಿಹಾಕಿತ್ತು.

ಆ ಬಾಂಬುಗಳನ್ನು ಹುಡುಕಿ ತೆಗೆಯುವುದು ಸೊಸೆಯ ಕೆಲಸ. ಜೊತೆಯವರು ಅವಳನ್ನು ನಿಧಾನಕ್ಕ ಎಂದು ಕರೆಯುತ್ತಿದ್ದರು. ನಿಧಾನವೇ ಪ್ರಧಾನ ಎಂದು ಬೇರೆಯವರು ಬಾಯಲ್ಲಿ ಹೇಳುತ್ತಾರೆ, ಇವಳು ಅದನ್ನು ಕಾಲಲ್ಲಿ ಪಾಲಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅತ್ತೆ ಸೊಸೆ ಇಬ್ಬರೇ. ಜಗಳಕ್ಕೂ ಅವರೇ, ರಾಜಿಗೂ ಅವರೇ.

ಗುಡ್ಡದಲ್ಲಿ ಅಳಿಯ ಉದ್ದನೆಯ ಹಗ್ಗದ ತುದಿಯಲ್ಲಿ ಮೂಗು ನೆಲಕ್ಕಿಟ್ಟು ಮುಂದೆ ನಡೆಯುತ್ತಿದ್ದ. ಬಾಂಬಿನ ವಾಸನೆ ಸಿಕ್ಕಿದರೆ ಸದ್ದಿಲ್ಲದೆ ಕೂತುಬಿಡುತ್ತಿದ್ದ. ಕೂತು, ಕತ್ತು ತಿರುಗಿಸಿ ನಿಧಾನಕ್ಕನ ಮುಖ ನೋಡುತ್ತಿದ್ದ. ಅವಳು ಬಲಗೈ ಎತ್ತಿದರೆ ಸರಿ ಎಂದರ್ಥ. ಆಮೇಲೆ ಹಿಂದಕ್ಕೆ ಕರೆದು ಒಂದು ರಬ್ಬರ್ ಚೆಂಡು ಕೊಡುತ್ತಿದ್ದಳು. ಪ್ರಾಣ ಪಣಕ್ಕಿಟ್ಟು ದುಡಿಯುವವನಿಗೆ ಅಷ್ಟೇ ಸಂಬಳ, ಆದರೆ ಅವನ ಸಂತೋಷ ನೋಡಿದರೆ ಮಂತ್ರಿಗಳಿಗೂ ಹೊಟ್ಟೆಕಿಚ್ಚಾಗಬೇಕು.

ಇದನ್ನೆಲ್ಲ ಅವಳಿಗೆ ಕಲಿಸಿದವರು ಆಚೆ ದಡದ ತರಬೇತುದಾರರು. ಬಿಳಿ ಮೀಸೆಯ, ಕಡಿಮೆ ಮಾತಿನ ಮನುಷ್ಯ. ನಾಯಿಯನ್ನು ಒಪ್ಪಿಸುವಾಗ ಅವರು ಹೇಳಿದ್ದು ಒಂದೇ ಪಾಠ.

"ನೋಡು ತಂಗಿ, ಅದು ಸರಿಯಾಗಿ ಕೂತಾಗ ನೀನು ಒಂದೇ ಒಂದು ಸಲ ತಪ್ಪು ಅಂದ್ರೂ ಸಾಕು, ಅದಕ್ಕೆ ತನ್ನ ಮೂಗಿನ ಮೇಲೇ ಅನುಮಾನ ಬರುತ್ತೆ. ಅನುಮಾನದ ನಾಯಿ ಹಿಂದೆ ನಡೆದೋರು ಉಳಿಯಲ್ಲ. ಬೇರೆ ಏನು ಬೇಕಾದ್ರೂ ಮಾಡು, ಸುಳ್ಳು ಮಾತ್ರ ಹೇಳಬೇಡ."

ನಿಧಾನಕ್ಕ ಒಂದು ಸಲವೂ ಸುಳ್ಳು ಹೇಳಲಿಲ್ಲ. ಗುಡ್ಡದ ಅರ್ಧ ತೆರವಾಯಿತು. ಒಂದು ಬೆಳಿಗ್ಗೆ ಅತ್ತೆ ಕೃತಕ ಪಾದ ಕಟ್ಟಿಕೊಂಡು, ಕೋಲೂರಿಕೊಂಡು, ಎಷ್ಟೋ ವರ್ಷಗಳ ನಂತರ ಆ ಹಾದಿಯಲ್ಲಿ ನಡೆದಳು. ಮುಂದೆ ಅಳಿಯ, ಹಿಂದೆ ಇವಳು. ಮನೆಗೆ ಬಂದವಳೇ ತನ್ನ ತಟ್ಟೆಯ ಮೊಟ್ಟೆ ತೆಗೆದು ಅವನ ತಟ್ಟೆಗೆ ಹಾಕಿದಳು. ಅಂದಿನಿಂದ ಹೆಸರಿನೊಳಗಿನ ಸಿಟ್ಟು ಹೋಗಿ ಹೆಸರು ಮಾತ್ರ ಉಳಿಯಿತು.

ಅಷ್ಟರಲ್ಲಿ ದೊಡ್ಡವರ ಮುನಿಸು ಶುರುವಾಯಿತು. ಈ ಸಣ್ಣ ದೇಶ ಎಲ್ಲೋ ದೂರದ ಇನ್ನೊಂದು ಬಲಿಷ್ಠ ದೇಶದ ಯುದ್ಧನೌಕೆಗೆ ತನ್ನ ಬಂದರಿನಲ್ಲಿ ಜಾಗ ಕೊಟ್ಟಿತು. ಪಕ್ಕದ ದೊಡ್ಡ ದೇಶ ಮುಖ ಊದಿಸಿಕೊಂಡಿತು. ನಮ್ಮ ಬಂದರು ನಮ್ಮಿಷ್ಟ ಎಂದರು ಇವರು. ನಮ್ಮ ಬಾಗಿಲಲ್ಲಿ ಪರರ ಫಿರಂಗಿ ಯಾಕೆ ಎಂದರು ಅವರು. ಸುಳ್ಳು ಯಾರದೂ ಅಲ್ಲ, ಭಯ ಇಬ್ಬರದೂ ನಿಜ. ಆದರೂ ಮಾತಿಗೆ ಮಾತು ಬೆಳೆದು ಸೇತುವೆ ಮುಚ್ಚಿತು, ಗಡಿ ಭದ್ರತೆಯ ಸಹಕಾರ ಒಪ್ಪಂದ ಮೂಲೆ ಸೇರಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವಂತೆ, ಒಪ್ಪಂದದ ಪ್ರಕಾರ ಕೊಟ್ಟಿದ್ದ ನಾಯಿಗಳನ್ನು ಹಿಂದಕ್ಕೆ ಕೊಡಿ ಎಂದು ಅಲ್ಲಿಂದ ಅಪ್ಪಣೆ ಬಂತು. ಕಚೇರಿಯ ಸಾಹೇಬರು ಮನೆಗೇ ಬಂದು, ಇದು ಕಿತ್ತುಕೊಳ್ಳುವುದಲ್ಲಮ್ಮ, ಉಪಕರಣಗಳ ಮರುಹಸ್ತಾಂತರ ಅಷ್ಟೇ ಎಂದು ಸಮಾಧಾನ ಹೇಳಿದರು. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು ಎಂದಳು ಅತ್ತೆ. ಅವಳ ದನಿಯಲ್ಲಿ ನಗು ಇರಲಿಲ್ಲ.

ಒಂದು ಸಂದು ಮಾತ್ರ ಉಳಿದಿತ್ತು. ಕೊಡುವ ಮುಂಚೆ ಪ್ರತಿ ನಾಯಿಗೂ ಪರೀಕ್ಷೆ. ನಾಯಿ ಕೂತು, ಸಾಕಿದವರು ಕೈ ಎತ್ತಿದರೆ ಮಾತ್ರ ಗೆದ್ದಂತೆ. ಸೋತ ನಾಯಿ ಕೆಲಸಕ್ಕೆ ಬಾರದ್ದು ಎಂದು, ಅದನ್ನು ಒಯ್ಯದೆ ಸಾಕಿದವರ ಬಳಿಯೇ ಬಿಟ್ಟುಹೋಗುತ್ತಾರೆ. ಇದು ಕಿವಿಗೆ ಬಿದ್ದದ್ದೇ ಅತ್ತೆಯ ಕಣ್ಣು ಅರಳಿತು.

"ಅವನು ಕೂತಾಗ ನೀನು ಕೈ ಎತ್ತಬೇಡ ಕಣೇ. ಹಗ್ಗ ಎಳೆದು ಮುಂದೆ ನಡಿ. ಅಷ್ಟೇ ತಾನೇ? ಒಂದು ಸುಳ್ಳಿಗೆ ಯಾರ ಗಂಟು ಹೋಗುತ್ತೆ?"

ನಿಧಾನಕ್ಕನಿಗೂ ಅದೇ ಬೇಕಾಗಿತ್ತು. ಗಂಡ ಹೋದ ಮೇಲೆ ಮನೆಗೆ ಬರುವಾಗ ಬಾಗಿಲಲ್ಲಿ ಕಾದು ಕುಣಿಯುವ ಜೀವ ಇದೊಂದೇ.

ಪರೀಕ್ಷೆ ನಡೆದದ್ದು ಸೇತುವೆಯ ಈ ತುದಿಯ ಸುಂಕದ ಶೆಡ್ಡಿನಲ್ಲಿ. ನೆಲದ ಮೇಲೆ ಸಾಲಾಗಿ ತಗಡಿನ ಡಬ್ಬಿಗಳು, ಒಂದರಲ್ಲಿ ಮಾತ್ರ ಚಿಟಿಕೆ ಸಿಡಿಮದ್ದು. ಯಾವುದರಲ್ಲಿ ಎಂದು ಗೊತ್ತಿದ್ದದ್ದು ತರಬೇತುದಾರರಿಗೆ ಮಾತ್ರ. ಅವರ ಮೀಸೆ ಇನ್ನಷ್ಟು ಬೆಳ್ಳಗಾಗಿತ್ತು. ಎರಡೂ ದೇಶದ ಅಧಿಕಾರಿಗಳು ಎದುರು ಬದುರು ಕುರ್ಚಿಗಳಲ್ಲಿ ಬೀಗರ ಹಾಗೆ ಬಿಗಿದುಕೊಂಡು ಕೂತಿದ್ದರು. ಅತ್ತೆ ಬಾಗಿಲ ಪಕ್ಕದ ಬೆಂಚಿನ ಮೇಲಿದ್ದಳು.

ಅಳಿಯ ಒಂದೊಂದೇ ಡಬ್ಬಿ ಮೂಸುತ್ತ ಹೋದ. ಒಂದರ ಮುಂದೆ ನಿಂತ, ಮತ್ತೊಮ್ಮೆ ಮೂಸಿದ, ಕೂತ. ಕತ್ತು ತಿರುಗಿಸಿ ಅವಳ ಮುಖ ನೋಡಿದ.

ಹಗ್ಗ ನಿಧಾನಕ್ಕನ ಕೈಯಲ್ಲೇ ಇತ್ತು. ಒಂದು ಸಲ ಎಳೆದರೆ ಸಾಕು, ಅವನು ಮನೆಗೆ ಬರುತ್ತಾನೆ. ಬಂದು ಅದೇ ಮೂಲೆಯಲ್ಲಿ ಮಲಗುತ್ತಾನೆ. ಆದರೆ ಬರುವವನು ಇವನಲ್ಲ, ತನ್ನ ಮೂಗನ್ನೇ ನಂಬದ ಇನ್ಯಾವನೋ. ಇಷ್ಟು ವರ್ಷ ಅವಳ ಜೀವ ಉಳಿದದ್ದು ಇವನ ಮಾತನ್ನು ಅವಳು ನಂಬಿದ್ದರಿಂದ. ಅವನು ತನ್ನ ಮೇಲಿಟ್ಟ ನಂಬಿಕೆಯನ್ನು ಅವಳು ಹೇಗೆ ಕೆಡಿಸಿಯಾಳು? ಅವನು ಇನ್ನೂ ನೋಡುತ್ತಲೇ ಇದ್ದ, ಬಾಲ ಕೂಡ ಅಲ್ಲಾಡಿಸದೆ.

ಅವಳು ಬಲಗೈ ಎತ್ತಿದಳು.

ಚೆಂಡು ಕಚ್ಚಿಕೊಂಡು ಅಳಿಯ ಶೆಡ್ಡಿನ ತುಂಬ ಕುಣಿದ, ಕುರ್ಚಿಯಲ್ಲಿ ಬಿಗಿದುಕೊಂಡಿದ್ದವರ ಕಾಲ ಸಂದಿಯಲ್ಲೆಲ್ಲ ನುಗ್ಗಿದ. ಅವರಲ್ಲಿ ಒಬ್ಬರಿಗೆ ನಗು ಬಂತು, ಎದುರಿನವರೂ ನಕ್ಕರು. ತಕ್ಷಣ ಇಬ್ಬರಿಗೂ ತಮ್ಮ ತಮ್ಮ ದೇಶ ನೆನಪಾಗಿ ಸುಮ್ಮನಾದರು. ತರಬೇತುದಾರರು ಮಾತ್ರ ನಿಧಾನಕ್ಕನನ್ನೇ ನೋಡುತ್ತಿದ್ದರು. ಅವಳ ಕೈ ಏಕೆ ತಡವಾಯಿತು ಎಂದು ಅವರಿಗೆ ಗೊತ್ತಾಗಿತ್ತು. ನಮ್ಮ ದಡದ ಗುಡ್ಡದಲ್ಲಿ ಬಾಂಬುಗಳು ಇನ್ನೂ ಹಾಗೇ ಇವೆ, ಇವನನ್ನು ಅಲ್ಲಿಗೇ ಹಾಕಿಸುತ್ತೇನೆ ಎಂದು ಮೆಲ್ಲಗೆ ಹೇಳಿ, ಹಗ್ಗ ಕೈಗೆ ತೆಗೆದುಕೊಂಡರು.

ಅವರ ವ್ಯಾನು ಆಚೆ ತುದಿಯಲ್ಲಿತ್ತು. ಸೇತುವೆಯ ಮೇಲೆ ನಾಲ್ಕು ಹೆಜ್ಜೆ ಹೋದ ಅಳಿಯ ನಿಂತುಬಿಟ್ಟ. ಎಳೆದರೂ ಅಲುಗಲಿಲ್ಲ. ಹುಡುಕು ಎಂದು ಅಪ್ಪಣೆ ಕೊಟ್ಟರೆ ಓಡುತ್ತಾನೆ, ಒಂದು ಸಲ ಹೇಳಿಬಿಡು ಎಂದರು ತರಬೇತುದಾರರು.

"ಅಲ್ಲಿ ಹುಡುಕೋಕೆ ಏನೂ ಇಲ್ವಲ್ಲ ಸಾರ್," ಎಂದಳು ನಿಧಾನಕ್ಕ. "ನಾನೇ ಬಂದು ಬಿಡ್ತೀನಿ."

ಈ ಕಡೆಯವರು ಆ ಕಡೆ ಹೋಗುವಂತಿಲ್ಲ ಎಂದು ಕಟ್ಟಪ್ಪಣೆ ಇತ್ತು. ಈ ತುದಿಯ ಕಾವಲಿನವನು ಅವಳನ್ನು ನೋಡಿದ, ನಾಯಿಯನ್ನು ನೋಡಿದ, ಆಮೇಲೆ ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದ. ಆ ತುದಿಯ ಕಾವಲಿನವನಿಗೆ ಆಕಾಶದಲ್ಲಿ ಏನೋ ಕಂಡಿತು. ಮೇಲೆ ನೋಡುತ್ತಲೇ ನಿಂತ. ಅವಳು ಅಳಿಯನ ಜೊತೆ ತನ್ನ ಎಂದಿನ ಹೆಜ್ಜೆಯಲ್ಲಿ ಸೇತುವೆ ದಾಟಿದಳು. ದಾರಿಯುದ್ದಕ್ಕೂ ತರಬೇತುದಾರರಿಗೆ ಹೇಳುತ್ತಲೇ ಇದ್ದಳು: ಎಡಗಿವಿಯಲ್ಲಿ ತುರಿಕೆ ಇದೆ, ಗುಡುಗು ಬಂದರೆ ಹತ್ತಿರ ಯಾರಾದರೂ ಕೂರಬೇಕು, ಪಾದ ಮುಟ್ಟಿದರೆ ಸಿಟ್ಟು. ವ್ಯಾನಿನೊಳಗೆ ಕೂರಿಸಿ, ಅವನ ಕತ್ತಿನ ಕೆಳಗೆ ಮುಖವಿಟ್ಟಳು. ಒಬ್ಬಳೇ ತಿರುಗಿ ಬಂದಳು.

ಈ ತುದಿಯ ಅಡ್ಡಗಂಬಕ್ಕೆ ಒರಗಿಕೊಂಡು ಅತ್ತೆ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದಳು ಸೊಸೆ. ಅತ್ತೆ ಬೈಯಲಿಲ್ಲ. ಅವಳ ಗಲ್ಲ ಒದ್ದೆಯಾಗಿತ್ತು.

"ಹೋಗಿ ಬಾ ಅಂದೆಯೇನೇ?"

"ಇಲ್ಲ ಅತ್ತೆ. ಬರಲ್ಲ ಅಂತ ಗೊತ್ತಿದ್ದೂ ಹೇಗೆ ಹೇಳಲಿ? ಇಷ್ಟು ದಿನ ಅವನಿಗೆ ಹೇಳದ ಸುಳ್ಳನ್ನ ಹೋಗೋವಾಗ ಹೇಳಲಾ?"

ಆಚೆ ದಡದಲ್ಲಿ ವ್ಯಾನು ಹೊರಟಿತು. ಅತ್ತೆ ಕೋಲನ್ನು ಸೊಸೆಯ ಕೈಗೆ ಕೊಟ್ಟು, ಎರಡೂ ಕೈಯಿಂದ ಅಡ್ಡಗಂಬ ಹಿಡಿದು, ಎರಡೂ ದೇಶಗಳಿಗೆ ಕೇಳುವಂತೆ ಕೂಗಿದಳು.

"ಹೋಗಿ ಬಾರೋ, ಅಳಿಯಾ!"